ನಪಾಸಾದ ಗಂಟು

ನಾನು ಶಾಲೆಯ ಸ್ಕೌಟ್ಸ್-ಗೈಡ್ಸ್‌ನಲ್ಲಿ ಗೈಡ್ ಕ್ಯಾಪ್ಟನ್ ಆದದ್ದು ಸೇವೆಯ ಹುಚ್ಚಿನಿಂದಲ್ಲ. ಬೆಳಂಬಾರದ ಕಡೆಯ ಹೈಸ್ಕೂಲಿಗೆ ಸಮಾಜ ಪಾಠದ ಶಿಕ್ಷಕಿಯಾಗಿ ಬಂದ ವರ್ಷವೇ ಹೆಡ್ಮಾಸ್ತರರು ನನ್ನನ್ನು ಕರೆದು, "ನಿಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಲ್ಲವಲ್ಲ, ಗೈಡ್ಸ್ ನೀವೇ ನೋಡಿಕೊಳ್ಳಿ" ಎಂದರು. ಅಷ್ಟೇ ನನ್ನ ಅರ್ಹತೆ. ಹತ್ತು ದಿನದ ತರಬೇತಿಗೆ ಹೋಗಿ, ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ವಾಪಸು ಬಂದೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಂಟು ಹುಡುಗಿಯರು ಉಳಿಯುತ್ತಿದ್ದರು. ಗಾಯಕ್ಕೆ ಪಟ್ಟಿ ಕಟ್ಟುವುದು, ಮೂರು ಕಲ್ಲು ಹೂಡಿ ಗಂಜಿ ಬೇಯಿಸುವುದು, ಎರಡು ಬಿದಿರಿನ ಗಳುವಿಗೆ ಸೀರೆ ಬಿಗಿದು ರೋಗಿಯನ್ನು ಹೊರುವುದು ಕಲಿತೆವು; ಅವರ ಜೊತೆ ನಾನೂ ಕಲಿತೆ. ಒಮ್ಮೆ ಸುಂಕಸಾಳಕ್ಕೆ ಬಸ್ಸಿನಲ್ಲಿ ಹೋಗಿ ಹೊಳೆಯಂಚಿಗೆ ಇಡೀ ದಿನ ನಡೆದೆವು. ವಾಪಸು ಬರುವಾಗ ಒಬ್ಬಳ ಕಾಲು ಉಳುಕಿತು. ನಾನು ಗಾಬರಿಯಾಗಿ ಫೋನಿಗೆ ಸಿಗ್ನಲ್ ಹುಡುಕುತ್ತಿರುವಷ್ಟರಲ್ಲಿ ಉಳಿದ ಏಳು ಜನ ಎರಡು ಗಳು ಕಡಿದು ತಂದು, ನನ್ನ ಚೀಲದಲ್ಲಿದ್ದ ಹಳೇ ಸೀರೆ ಬಿಗಿದು, ಅವಳನ್ನು ಹೆದ್ದಾರಿಯ ತನಕ ಹೊತ್ತು ತಂದರು. ದಾರಿಯುದ್ದಕ್ಕೂ ಅವಳ ತೂಕದ ಬಗ್ಗೆ ತಮಾಷೆ ಮಾಡುತ್ತಲೇ ಬಂದರು. ಈ ಕೆಲಸ ನನಗೆ ಇಷ್ಟವಾದದ್ದು ಆ ದಿನದಿಂದ.

ಅಸಹ್ಯ ಹುಟ್ಟಿದ್ದು ಮೇಲಿನವರನ್ನು ಹತ್ತಿರದಿಂದ ಕಂಡ ಮೇಲೆ. ಕಾರವಾರದಿಂದ ಬರುವ ಪದಾಧಿಕಾರಿಗಳಲ್ಲಿ ನಿವೃತ್ತರೊಬ್ಬರಿದ್ದರು. ಪರೀಕ್ಷೆಗಳೆಲ್ಲ ಅವರ ಕೈಯಲ್ಲಿ. ಇಸ್ತ್ರಿ ಮಾಡಿದ ಚಡ್ಡಿ, ಮೊಣಕಾಲಿನ ತನಕ ಕಾಲುಚೀಲ, ಎದೆ ತುಂಬ ಬಿಲ್ಲೆ. ನಾನು ಕಣ್ಣಾರೆ ಕಂಡ ಅವರ ಸೇವೆ ಒಂದೇ: ಕಡಲತೀರ ಸ್ವಚ್ಛ ಮಾಡುವ ದಿನ ಹೊಸ ಪೊರಕೆ ಹಿಡಿದು ಫೋಟೋಕ್ಕೆ ನಿಂತದ್ದು, ಫೋಟೋ ಆದ ಕೂಡಲೇ ಪೊರಕೆಯನ್ನು ಮಕ್ಕಳ ಕೈಗೆ ಕೊಟ್ಟು ಕಾರಿನೊಳಗೆ ಹೋಗಿ ಎ.ಸಿ. ಹಾಕಿಕೊಂಡು ಕೂತದ್ದು. ಮಕ್ಕಳ ಸೇವೆಯ ಬಗ್ಗೆ ಅವರ ಕಲ್ಪನೆಯೂ ಇದಕ್ಕೆ ತಕ್ಕ ಹಾಗೇ ಇತ್ತು. ಗಣ್ಯರಿಗೆ ನೀರು ಕೊಡುವುದು, ಹಾರದ ತಟ್ಟೆ ಹಿಡಿಯುವುದು, ಭಾಷಣದ ನಡುವೆ ಚಪ್ಪಾಳೆ ತಟ್ಟುವುದು.

ಹಟ್ಟಿಕೇರಿಯ ಕಡೆ ಒಂದು ಶಾಲೆಯಲ್ಲಿ ಎರಡು ದಿನದ ಪರೀಕ್ಷಾ ಶಿಬಿರವಾಯಿತು. ನಮ್ಮ ಎಂಟೂ ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಮೊದಲ ದಿನ ಉದ್ಘಾಟನೆಯಲ್ಲೇ ಹೋಯಿತು. ಅತಿಥಿಗಳು ಶಾಮಿಯಾನದ ನೆರಳಲ್ಲಿ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡರು, ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತರು. ಇಬ್ಬರು ತಲೆ ತಿರುಗಿ ಬಿದ್ದರು. ಮೈಕಿನಲ್ಲಿ ಅದೇ ಹೊತ್ತಿಗೆ ಪ್ರಥಮ ಚಿಕಿತ್ಸೆಯ ಮಹತ್ವದ ಬಗ್ಗೆ ಭಾಷಣ ನಡೆಯುತ್ತಿತ್ತು. ವೇದಿಕೆಯ ಮೇಲಿನಿಂದ ಒಬ್ಬರೂ ಇಳಿದು ಬರಲಿಲ್ಲ. ನಮ್ಮ ಹುಡುಗಿಯರೇ ಹೋಗಿ ಬಿದ್ದವರನ್ನು ನೆರಳಿಗೆ ಎತ್ತಿ ತಂದು ನೀರು ಕುಡಿಸಿದರು.

ಎರಡನೇ ದಿನ ಗಂಟುಗಳ ಪರೀಕ್ಷೆ. ದಪ್ಪ ಹಗ್ಗಕ್ಕೆ ಸಪೂರ ಹಗ್ಗ ಸೇರಿಸುವ ಗಂಟೊಂದಿದೆ, ಪುಸ್ತಕದಲ್ಲಿ ಅದರ ಹೆಸರು ಶೀಟ್ ಬೆಂಡ್. ನಮ್ಮಲ್ಲಿ ಒಬ್ಬಳು ಮೀನುಗಾರರ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು. ಅಪ್ಪ ಬೋಟಿಗೆ ಹೋಗುತ್ತಿದ್ದ, ಆಯಿ ಅಂಕೋಲಾ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಹರಿದ ಬಲೆ ಸರಿಮಾಡುವುದು ಅಜ್ಜನ ಪಾಲಿನ ಕೆಲಸ. ಅವನ ಪಕ್ಕ ಕೂತು ಕೂತು ಇವಳ ಬೆರಳುಗಳೂ ಪಳಗಿದ್ದವು. ಬಲೆಯ ಕಣ್ಣುಕಣ್ಣಿಗೂ ಬೀಳುವುದು ಇದೇ ಗಂಟು.

ಅವಳ ಸರದಿ ಬಂತು. ಹಗ್ಗ ಕೈಗೆ ಬಂದದ್ದೇ, ನಾವು ನೋಡಿ ಮುಗಿಸುವ ಮೊದಲೇ ಗಂಟು ಬಿದ್ದಿತ್ತು.

"ಏನಿದು? ಬಿಚ್ಚು. ಮತ್ತೆ ಹಾಕು" ಎಂದರು ಪರೀಕ್ಷಕರಾಗಿ ಕೂತಿದ್ದ ಆ ಬಿಲ್ಲೆಯವರು.

ಅವಳು ಬಿಚ್ಚಿ ಮತ್ತೆ ಹಾಕಿದಳು.

"ಹೀಗೆ ಯಾರು ಕಲಿಸಿದ್ದು?"

"ನಮ್ಮಜ್ಜ, ಸರ್."

"ನಿನ್ನ ಅಜ್ಜ ಯಾವ ಸ್ಕೌಟ್ ಟ್ರೂಪಿನಲ್ಲಿದ್ದರು?" ಎಂದು ಕೇಳಿ, ಪಕ್ಕದವರ ಕಡೆ ನೋಡಿ ನಕ್ಕರು. ಪಕ್ಕದವರೂ ನಕ್ಕರು, ನಗುವುದಕ್ಕೇ ಅವರನ್ನು ಕೂರಿಸಿದ್ದು. "ಇದು ಬಲೆ ಹೆಣೆಯುವ ಜಾಗ ಅಲ್ಲಮ್ಮ. ಮೊದಲು ದಪ್ಪ ಹಗ್ಗ ಮಡಚಬೇಕು, ಆಮೇಲೆ ಸಪೂರದ್ದನ್ನು ಒಳಗಿಂದ ತರಬೇಕು. ಕ್ರಮ ಇದೆ."

"ಸರ್, ಎರಡೂ ಒಂದೇ. ಬದೀಲಿ ಇಟ್ಟು ನೋಡಿ" ಎಂದಳು ಅವಳು. ಸೊಕ್ಕಿನಿಂದಲ್ಲ, ತಿಳಿಯದವರಿಗೆ ತಿಳಿಸುವ ಹಾಗೆ.

ಅವರು ಬೇರೆ ಹಗ್ಗ ತೆಗೆದುಕೊಂಡು ತಾವೇ ಹಾಕಿ ತೋರಿಸಲು ಹೋದರು. ಒಮ್ಮೆ ಜಾರಿತು. ಪುಸ್ತಕ ತೆಗೆದು ಚಿತ್ರ ನೋಡಿ ಮತ್ತೆ ಹಾಕಿದರು. ಕೊನೆಗೆ ಬಿದ್ದ ಗಂಟು ಅವಳದ್ದೇ ಗಂಟು, ಸ್ವಲ್ಪ ಸಡಿಲ, ಅಷ್ಟೇ. ಅದು ಅವರಿಗೂ ಕಂಡಿತು. ಕಂಡದ್ದಕ್ಕೇ ಸಿಟ್ಟು ಬಂತು. ಅವಳ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ, ಅವಳು ಗಂಟು ಹಾಕಿದ ಹಗ್ಗವನ್ನು ಬೆರಳ ತುದಿಯಿಂದ ಎತ್ತಿ ಬದಿಗಿಟ್ಟು, ಕರ್ಚೀಫಿನಿಂದ ಕೈ ಒರೆಸಿಕೊಂಡರು. ಹಾಗೆ ಒರೆಸಿಕೊಂಡದ್ದು ಯಾಕೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಅವಳಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು.

ನಾನು ಮೂರು ಮಾರು ದೂರದಲ್ಲಿದ್ದೆ. ಆ ಹೊತ್ತಿಗೆ ಒಂದು ಮಾತೂ ಆಡಲಿಲ್ಲ. ಆ ಮನುಷ್ಯನ ಬಗ್ಗೆ ನನಗಿರುವ ತಿರಸ್ಕಾರದಲ್ಲಿ ಒಂದು ಪಾಲು ನನಗೇ ಸೇರಬೇಕಾದದ್ದು. ಅದನ್ನು ಯಾರ ಮೇಲೂ ಹಾಕುವಂತಿಲ್ಲ.

ಸಂಜೆ ಚಹಾದ ಹೊತ್ತಿಗೆ ಧೈರ್ಯ ಬಂತು. ಎರಡೂ ಗಂಟುಗಳನ್ನು ಮೇಜಿನ ಮೇಲಿಟ್ಟು, "ಇದರಲ್ಲಿ ಯಾವುದು ತಪ್ಪು ಹೇಳಿ, ಸರ್" ಎಂದೆ. ಉಳಿದ ಶಿಕ್ಷಕರು ಬಿಸ್ಕೀಟಿನ ಮೇಲೆ ಬರೆದದ್ದನ್ನು ಓದುವವರಂತೆ ತಲೆ ತಗ್ಗಿಸಿದರು. "ಬಿಡಿ ಮೇಡಂ, ಮುಂದಿನ ವರ್ಷ ಪಾಸಾಗ್ತಾಳೆ" ಎಂದರು ಒಬ್ಬರು.

ಬಿಲ್ಲೆಯವರು ಗಂಟುಗಳ ಕಡೆ ನೋಡಲೇ ಇಲ್ಲ. ಫಲಿತಾಂಶದ ಹಾಳೆಯನ್ನು ನನ್ನ ಕಡೆ ತಳ್ಳಿದರು. "ಸಹಿ ಹಾಕಿ. ಹಾಕದಿದ್ದರೆ ನಿಮ್ಮ ಶಾಲೆಯ ಉಳಿದ ಏಳೂ ಮಕ್ಕಳ ಪ್ರಮಾಣಪತ್ರ ತಡೆಹಿಡಿಯುತ್ತೇನೆ. ನಿಮ್ಮ ಇಷ್ಟ." ಎಷ್ಟು ಸಣ್ಣ ಮನುಷ್ಯ, ಎಷ್ಟು ಸಲೀಸಾಗಿ ಹೇಳಿದ.

ಹಾಳೆ ಹಿಡಿದು ಹೊರಗೆ ಬಂದೆ. ಹುಡುಗಿಯರು ಪಾತ್ರೆ ತೊಳೆಯುತ್ತಿದ್ದರು. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಗುಂಪಿನ ಮುಂದಾಳು, ನಮ್ಮ ಪ್ಯಾಟ್ರೋಲ್ ಲೀಡರ್ ಹುಡುಗಿ, "ಹಾಕ್ಬೇಡಿ ಅಕ್ಕೋರೆ, ನಮಗೂ ಬ್ಯಾಡ" ಎಂದಳು. ಉಳಿದವರೂ ಹೌದೆಂದರು, ಆದರೆ ಒಂದಿಬ್ಬರು ನೆಲ ನೋಡುತ್ತಿದ್ದರು. ನಪಾಸಾದವಳು ಅದನ್ನು ಗಮನಿಸಿದಳು. ಬೂದಿ ಹತ್ತಿದ ಕೈ ತೊಳೆದುಕೊಂಡು ಬಂದು, "ಸಹಿ ಹಾಕಿ ಅಕ್ಕೋರೆ. ಇವ್ರಿಗೆ ಸಿಗ್ಲಿ. ನಂಗೆ ಗಂಟು ಬರೂದಿಲ್ಲ ಅಂತ ಯಾರು ಹೇಳದ್ರೂ ನಮ್ಮನೇಲಿ ನಂಬೂದಿಲ್ಲ" ಎಂದಳು.

ಹಾಕಿದೆ.

ಕಾರವಾರದಲ್ಲಿ ಪ್ರಮಾಣಪತ್ರ ಕೊಡುವ ದಿನ ಅವಳು ಬರಲಿಲ್ಲ. ಮರುದಿನ ನಾನು ಅವಳ ಮನೆಗೆ ಹೋದೆ. ಅಂಗಳದಲ್ಲಿ ಬಂಗಡೆ ಒಣಗಿಸಿದ್ದರು. ಆಯಿ ನನಗೆ ಕುರ್ಚಿ ಹಾಕಿ, ತಾನು ಮೆಟ್ಟಿಲ ಮೇಲೆ ಕೂತಳು. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕಳಿಸಿ ಎಂದೆ.

"ಅವಳನ್ನೇ ಕೇಳಿ ಅಕ್ಕೋರೆ. ನಾ ಹೇಳದ್ರೆ ಬರ್ತಾಳೋ, ಇಲ್ವೋ" ಎಂದಳು ಆಯಿ.

ಹುಡುಗಿ ಒಳಗಿಂದಲೇ ಉತ್ತರ ಕೊಟ್ಟಳು. "ಶನಿವಾರ ಬರ್ತೆ. ಸಣ್ಣವ್ರಿಗೆ ಗಂಟು ಹೇಳಿಕೊಡ್ತೆ. ಅವ್ರ ಮುಂದೆ ಮಾತ್ರ ಇನ್ನು ನಿಲ್ಲೂದಿಲ್ಲ."

ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಶನಿವಾರಗಳಲ್ಲಿ ಬಂದಳು, ಸ್ಕಾರ್ಫ್ ಇಲ್ಲದೆ. ಅವಳ ಕೈಯಲ್ಲಿ ಕಲಿತವರು ಅದೇ ಗಂಟನ್ನು ಪುಸ್ತಕದ ಕ್ರಮದಲ್ಲಿ ಹಾಕಿ ಪಾಸಾದರು. ಪರೀಕ್ಷೆಗೆ ಹೇಗೆ, ಕೆಲಸಕ್ಕೆ ಹೇಗೆ ಎಂದು ಎರಡು ಬಗೆಯಲ್ಲೂ ಕಲಿಸಿದ್ದಳು. ಈಗ ಅಂಕೋಲೆಯಲ್ಲಿ ಕಾಮರ್ಸ್ ಓದುತ್ತಿದ್ದಾಳೆ.

ಕಳೆದ ತಿಂಗಳು ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಬಿಲ್ಲೆಯವರು ಎದುರಾದರು. ಬಿಳಿ ಅಂಗಿ, ಬಿಲ್ಲೆಗಳಿರಲಿಲ್ಲ. "ಏನ್ ಮೇಡಂ, ಗೈಡ್ಸ್ ಚೆನ್ನಾಗಿದೆಯಾ?" ಎಂದು ಸ್ಕೌಟ್ಸ್-ಗೈಡ್ಸ್‌ನವರ ಪದ್ಧತಿಯ ಹಾಗೆ ಕೈಕುಲುಕಲು ಎಡಗೈ ಚಾಚಿದರು. ನನ್ನ ಎಡಗೈಯಲ್ಲಿ ತರಕಾರಿ ಚೀಲವಿತ್ತು. ಬಲಗೈಗೆ ದಾಟಿಸಬಹುದಿತ್ತು. ದಾಟಿಸಲಿಲ್ಲ. "ಚೆನ್ನಾಗಿದೆ" ಎಂದಷ್ಟೇ ಹೇಳಿ ಅಂಕೋಲಾ ಬಸ್ಸು ಹತ್ತಿದೆ.