ಮೌಸ್ ಬಿಡಿಸಿದವರು

ಅವರ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ. ಆ ಎರಡರ ನಡುವೆ ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು, ಎಡಗೈಯಿಂದ ಲ್ಯಾಪ್‌ಟಾಪನ್ನೇ ತಿರುಗಿಸುತ್ತ ಸ್ಕ್ರೂ ಬಿಚ್ಚುತ್ತಿದ್ದರು. ಚಿಕ್ಕಂದಿನಲ್ಲಿ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿಕೊಂಡಿತಂತೆ. ಕೇಳಿದವರಿಗೆ, "ಕಬ್ಬಿನ್ ಜೊತೆ ಓಯ್ತು" ಎನ್ನುತ್ತಿದ್ದರು, ಅಷ್ಟೇ.

ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಯ ಮೇಲೆ ಅವರದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ನನಗಿಂತ ಹತ್ತು ವರ್ಷ ದೊಡ್ಡವರು, ಅಣ್ಣ ಎನ್ನುತ್ತಿದ್ದೆ. ಮಾತಿನಲ್ಲಿ ನಯ ಇರಲಿಲ್ಲ. ಕೆಟ್ಟ ಯಂತ್ರ ತಂದವರಿಗೆ, "ಇದು ಸತ್ತೋಗದೆ, ಮಣ್ ಮಾಡ್ಬುಡು" ಎಂದು ಮುಖಕ್ಕೇ ಹೇಳುವರು. ಹಾಗೆ ಹೇಳಿದ ಮೇಲೂ ಅದನ್ನು ಎರಡು ದಿನ ಇಟ್ಟುಕೊಂಡು ನೋಡುವರು.

ಹಸ್ತಪ್ರತಿಗಳನ್ನು ಟೈಪು ಮಾಡಿ, ಕರಡು ತಿದ್ದಿಕೊಡುವುದು ನನ್ನ ಕೆಲಸ. ನಲವತ್ತೊಂದನೆಯ ವಯಸ್ಸಿಗೆ ಪಾರ್ಶ್ವವಾಯು ಬಡಿದು ಬಲಗೈ ನಿಂತುಹೋಯಿತು. ಇದ್ದ ಒಂದು ಕೈ ಕೀಬೋರ್ಡಿನ ಕೀಲಿಗಳಿಗೂ ಮೌಸಿಗೂ ಓಡಾಡಬೇಕು. ಪರದೆಯ ಮೇಲೆ ಹಸ್ತಪ್ರತಿಯ ಪುಟ ತೆರೆದರೆ ನಾನು ಬರೆಯುತ್ತಿದ್ದ ಪುಟ ಅದರಡಿ ಮುಚ್ಚಿಹೋಗುತ್ತಿತ್ತು. ಒಂದು ಪುಟಕ್ಕೆ ಅರ್ಧ ದಿನ. ಕೆಲಸ ಬಿಡುವುದೆಂದು ತೀರ್ಮಾನಿಸಿ, ಲ್ಯಾಪ್‌ಟಾಪ್ ಮಾರಿಕೊಡಿ ಎಂದು ಕೇಳಲು ಗಂಡನ ಜೊತೆ ಅಂಗಡಿಗೆ ಹೋದೆ.

ಅಣ್ಣ ನನ್ನ ಬಲಗೈಯನ್ನು ಒಮ್ಮೆ ನೋಡಿದರು. "ಮಾರೋದಿರ್ಲಿ ಬುಡು. ಎಡಗೈ ಚೆನ್ನಾಗದಾ?"

"ಚೆನ್ನಾಗಿದೆ ಅಣ್ಣ."

"ಅಂಗಾದ್ರೆ ಇಲ್ ಕೂತ್ಕೊ."

ಲ್ಯಾಪ್‌ಟಾಪ್ ನಡೆಸುವ ಹಳೆಯ ತಂತ್ರಾಂಶವನ್ನೆಲ್ಲ ಅಳಿಸಿ, ಅದರ ಜಾಗಕ್ಕೆ ಬರಿಯ ಲಿನಕ್ಸ್ ಹಾಕಿದರು. ಚಿತ್ರಗಳಿಲ್ಲ, ಒತ್ತುವ ಗುಂಡಿಗಳಿಲ್ಲ, ಕಪ್ಪು ಪರದೆ. ಅದರ ಮೇಲೆ ಕಿಟಕಿಗಳನ್ನು ತಾನೇ ಜೋಡಿಸುವ ಸಣ್ಣದೊಂದು ಪ್ರೋಗ್ರಾಂ. ಒಂದು ಕಿಟಕಿ ತೆರೆದರೆ ಪರದೆ ತುಂಬ, ಎರಡು ತೆರೆದರೆ ಪಕ್ಕಪಕ್ಕ ಅರ್ಧರ್ಧ. ಯಾವುದೂ ಯಾವುದನ್ನೂ ಮುಚ್ಚುವುದಿಲ್ಲ. ಎಲ್ಲವೂ ಕೀಲಿಗಳಿಂದಲೇ. ಯಾವ ಕೀಲಿಗೆ ಏನಾಗಬೇಕು ಎಂಬುದನ್ನು ಒಂದು ಫೈಲಿನಲ್ಲಿ ಸಾಲುಸಾಲಾಗಿ ಬರೆಯಬೇಕು. ಎಡಗೈ ಬೆರಳುಗಳಿಗೆ ಎಟುಕುವ ಅಕ್ಷರಗಳನ್ನಷ್ಟೇ ಆರಿಸಿ ಅವರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ತಾವಾಗಿ ಒಂದು ಸಾಲನ್ನೂ ಬರೆಯಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾನೆಲ್ಲೋ ಒಂದು ಆವರಣ ಚಿಹ್ನೆ ಬಿಟ್ಟೆ. ಒಂದು ಕೀಲಿಯೂ ಕೆಲಸ ಮಾಡಲಿಲ್ಲ. ಅಂಗಡಿಯಲ್ಲಿ ಜನ ಇದ್ದರು. ಅವರೆದುರೇ ಅಳು ಬಂತು.

"ನೀವೇ ಮಾಡಿಕೊಡಿ ಅಣ್ಣ. ನನ್ನ ಕೈಲಾಗಲ್ಲ."

"ನಾನ್ ಮಾಡ್ದ್ರೆ ಇದು ನನ್ ಮಿಸೀನಾಯ್ತದೆ ಕಣಮ್ಮ, ನಿಂದಾಗಕಿಲ್ಲ. ಅಳೋದಾದ್ರೆ ಅತ್ಬುಡು. ಆಮ್ಯಾಕೆ ಆ ಸಾಲು ನೋಡು."

ನನ್ನ ಗಂಡನಿಗೆ ಸಿಟ್ಟು ಬಂತು. "ಉಸಾರಿಲ್ದೋಳ ತಾವ ಇಂಗಾ ಮಾತಾಡೋದು? ನಡಿ, ಓಗಣ" ಎಂದು ಎದ್ದರು. ನಾನು ಏಳಲಿಲ್ಲ. ಯಾಕೆ ಏಳಲಿಲ್ಲವೆಂದು ಈಗಲೂ ಸರಿಯಾಗಿ ಹೇಳಲಾರೆ. ಆ ಸಾಲು ಸಿಕ್ಕಿತು.

ಮೂರನೆಯ ದಿನ ಪರದೆಯ ಎಡಕ್ಕೆ ಹಸ್ತಪ್ರತಿ, ಬಲಕ್ಕೆ ಖಾಲಿ ಪುಟ ಬಂದು ನಿಂತವು. ಒಂದು ವಾಕ್ಯ ಬರೆದೆ. ಅವರು ಬಗ್ಗಿ ನೋಡಿ, "ಊಂ, ಇನ್ ಮನೆಗೋಗು" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದರು. ಅಲ್ಲಿಂದೀಚೆಗೆ ನನ್ನ ಕೆಲಸ ನಿಂತಿಲ್ಲ.

ಹೋದ ವರ್ಷ ಬಿಡಿಭಾಗ ತರಲು ಮಂಡ್ಯಕ್ಕೆ ಹೋಗುತ್ತಿದ್ದಾಗ ಬಸ್ಸಿನಲ್ಲೇ ಅವರಿಗೆ ಎದೆನೋವು ಬಂತು. ಆಸ್ಪತ್ರೆ ತಲುಪಲಿಲ್ಲ. ನನಗೆ ತಿಳಿಯುವ ಹೊತ್ತಿಗೆ ತಿಥಿಯೂ ಮುಗಿದಿತ್ತು. ಕೊಕ್ಕರೆ ಬೆಳ್ಳೂರಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಫಿ ಕೊಟ್ಟು, ಒಳಕೋಣೆಯ ಕಂಪ್ಯೂಟರ್ ತೋರಿಸಿದರು.

"ಮಗ್ಳು ಮದ್ವೆ ಫೋಟೊ ಎಲ್ಲಾ ಇದ್ರಲ್ಲೇ ಅವೆ ಕಣಮ್ಮ. ಯಾರ್ ಮುಟ್ಟುದ್ರೂ ಬರೀ ಕಪ್ಪು ಬತ್ತದೆ. ಮಂಡ್ಯದ್ ರಿಪೇರಿಯೋರು ಬಂದು, ಎಲ್ಲಾ ಅಳ್ಸಿ ಹೊಸ್ದು ಆಕ್ತೀವಿ ಅಂದ್ರು. ನಾ ಬ್ಯಾಡ ಅಂದೆ."

ಕುಳಿತು ಎಡಗೈಯಿಂದ ಒಂದು ಕೀಲಿ ಒತ್ತಿದೆ. ನನ್ನ ಲ್ಯಾಪ್‌ಟಾಪಿನ ಹಾಗೆಯೇ ಕಿಟಕಿ ತೆರೆಯಿತು; ಕೀಲಿಗಳು ನನ್ನವೇ. ನನಗೆ ಬರೆಸಿದ್ದು ತಮ್ಮದೇ ಫೈಲನ್ನು ಎಂದು ಅವರು ಯಾವತ್ತೂ ಹೇಳಿರಲಿಲ್ಲ. ಎರಡನೆಯ ಸಲ ಒತ್ತಿದಾಗ ಫೋಟೊಗಳು ತೆರೆದವು.

ಅವರ ಹೆಂಡತಿ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು. ಆಮೇಲೆ, "ನಿಂಗ್ಯಾರು ಏಳ್ಕೊಟ್ರಮ್ಮ ಇದ?" ಎಂದರು.

"ಅಣ್ಣನೇ, ಅತ್ತಿಗೆ."

"ನಂಗೆ ಒಂದಿನಾನೂ ಏಳ್ಕೊಡ್ಲಿಲ್ವಲ್ಲ."

ಕುರ್ಚಿಯಿಂದ ಎದ್ದು ಅವರನ್ನು ಕೂರಿಸಿದೆ. ಯಾವ ಅಕ್ಷರ ಒತ್ತಬೇಕೆಂದು ತೋರಿಸಿದೆ. ಸೀರೆ ಸೆರಗಿಗೆ ಬೆರಳು ಒರೆಸಿಕೊಂಡು ಒತ್ತಿದರು. ಮುಂದಿನ ಫೋಟೊ ಬಂತು.