ಪಕ್ಕದ ಕೋಣೆಯ ತೀರ್ಥಹಳ್ಳಿ

ಸುಮಾ, ಪ್ರಸನ್ನ — ಗಿರಿಜಳ ಕೆಲಸ ಹೋದದ್ದು ನನ್ನ ಸುಳ್ಳಿನಿಂದ. ಹೌದು, ಮೇಳಿಗೆಯಲ್ಲಿ ಬಟ್ಟೆ ಹೊಲಿಯುವ, ಮದುವೆಮನೆಗಳಲ್ಲಿ ನನ್ನನ್ನು ಕಂಡರೆ ಎದ್ದು ಬೇರೆ ಪಂಕ್ತಿಗೆ ಹೋಗುವ ಅದೇ ಗಿರಿಜಜ್ಜಿ. "ಅವ್ರಿಗ್ಯಾಕೆ ಅಜ್ಜಿ ನಿಮ್ಮೇಲೆ ಸಿಟ್ಟು?" ಎಂದು ನೀವು ಕೇಳಿದಾಗೆಲ್ಲ ನಾನು ಮಾತು ಮರೆಸಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ಹೊಸನಗರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ. ಆಗ ಬೇರೆ ಊರಿಗೆ ಫೋನು ಮಾಡಬೇಕಾದರೆ ನಮ್ಮನ್ನು ಕೇಳಬೇಕಿತ್ತು. ನಾವು ಬೋರ್ಡಿಗೆ ತಂತಿ ಚುಚ್ಚಿ, ಆ ಊರಿನ ಎಕ್ಸ್‌ಚೇಂಜನ್ನು ಕರೆದು, ಜೋಡಿಸಿ ಕೊಡುತ್ತಿದ್ದೆವು. ಹೊಸದಾಗಿ ಬಂದ ಗಿರಿಜಳನ್ನು ತಯಾರು ಮಾಡುವ ಹೊಣೆ ನನ್ನದು. ಕಲಿಯುವವಳ ಕೈಗೆ ನಿಜವಾದ ಲೈನು ಕೊಡುವಂತಿರಲಿಲ್ಲ. ಅದಕ್ಕೆ ನಾನು ಪಕ್ಕದ ಕೋಣೆಯಲ್ಲಿ ಫೋನು ಹಿಡಿದು ಕೂತು ತೀರ್ಥಹಳ್ಳಿಯಾಗುತ್ತಿದ್ದೆ. ಅವಳು ಕರೆಯುವಳು. "ತೀರ್ಥಹಳ್ಳಿ... ಕೊಟ್ಟೆ, ಮಾತಾಡಿ" ಎನ್ನುವೆ. ಪ್ರತಿ ಸಲವೂ — ತಕ್ಷಣ, ಮೆತ್ತಗೆ.

ನಿಜವಾದ ತೀರ್ಥಹಳ್ಳಿ ಹಾಗಿರಲಿಲ್ಲ. ಗದರುತ್ತಿತ್ತು, ಕಾಯಿಸುತ್ತಿತ್ತು, ಎಷ್ಟೋ ಸಲ ಲೈನೇ ಸತ್ತಿರುತ್ತಿತ್ತು. ಆಗ ಸುಮ್ಮನೆ ಕಾಯಬಾರದು. ಸಾಗರದ ಎಕ್ಸ್‌ಚೇಂಜನ್ನು ಹಿಡಿದು, ಅಲ್ಲಿಂದ ತೀರ್ಥಹಳ್ಳಿಗೆ ಸುತ್ತಿಸಿ ಕೇಳಬೇಕು. ಅದನ್ನು ಕಲಿಸಲು ನಾನು ಉತ್ತರ ಕೊಡದೆ ಕೂರಬೇಕಿತ್ತು. ಅವಳು ತಡವರಿಸುವುದನ್ನು ಕೇಳಲು ನನಗೆ ಸಂಕೋಚ — ಇಲ್ಲ, ಅಷ್ಟೇ ಅಲ್ಲ. ಅವಳು ತಯಾರಾದರೆ ಮಾತ್ರ ನನಗೆ ರಜೆ. ತಂಗಿಯ ಮದುವೆ ಹತ್ತಿರ ಬಂದಿತ್ತು.

ಮೇಲ್ವಿಚಾರಕರು ಒಮ್ಮೆ ಬಾಗಿಲಲ್ಲಿ ನಿಂತು ನಕ್ಕರು: "ಏನ್ರೀ, ನಿಮ್ ತೀರ್ಥಹಳ್ಳಿ ಕರೆದ್ ಕೂಡ್ಲೆ ಓಗೊಡತ್ತಲ್ರೀ! ಆ ಅಸಲಿ ತೀರ್ಥಹಳ್ಳಿಗೂ ಸ್ವಲ್ಪ ಬುದ್ಧಿ ಹೇಳಿ." ನಾನೂ ನಕ್ಕೆ. "ಲೈನ್ ಸತ್ರೆ ಏನ್ ಮಾಡ್ಬೇಕು, ಅದನ್ನೂ ಮಾಡ್ಸಿದ್ರಾ?" ಎಂದರು.

"ಎಲ್ಲಾ ಆಗಿದೆ ಸಾರ್."

ನಾನು ಮದುವೆಗೆ ಹೋಗಿದ್ದಾಗ ನಡೆದದ್ದು, ಆಮೇಲೆ ಕೇಳಿ ತಿಳಿದದ್ದು ಇದು. ಒಬ್ಬರು ಓಡಿಬಂದರು. ಹೆಂಡತಿಗೆ ಹೆರಿಗೆ ಕಷ್ಟವಾಗಿತ್ತು. ತೀರ್ಥಹಳ್ಳಿಯ ಡಾಕ್ಟರು ಬೇಕಿತ್ತು. ಗಿರಿಜ ಕರೆದಳು. ಉತ್ತರವಿಲ್ಲ. ಮತ್ತೆ ಕರೆದಳು. ಅವರು ಕಿಟಕಿ ಬಡಿಯುತ್ತಿದ್ದರು — "ಬೇಗ ತಾಯಿ, ಬೇಗ!" "ಈಗ ಬರ್ತಾರಣ್ಣ, ಈಗ ಬರ್ತಾರೆ" ಎನ್ನುತ್ತ ಅವಳು ಅದೇ ತಂತಿ ಹಿಡಿದು ಕಾದಳು. ಸಾಗರದ ಲೈನು ಅವಳ ಕೈಯ ಪಕ್ಕದಲ್ಲೇ ಇತ್ತು.

ತಾಯಿ ಉಳಿದಳು. ಮಗು ಉಳಿಯಲಿಲ್ಲ.

ವಿಚಾರಣೆಗೆ ಬಂದ ಸಾಹೇಬರು ನನ್ನನ್ನು ಕೇಳಿದರು — ಲೈನು ಸತ್ತರೆ ಏನು ಮಾಡಬೇಕೆಂದು ಹೇಳಿಕೊಟ್ಟಿದ್ದಿರಾ? ಗಿರಿಜ ಎದುರಿಗೇ ನಿಂತಿದ್ದಳು.

"ಹೇಳ್ಕೊಟ್ಟಿದ್ದೆ ಸಾರ್."

ಅವಳು ನನ್ನ ಕಡೆ ತಿರುಗಿದಳು. "ಅಕ್ಕಾ, ನೀವು ಒಂದ್ ಸಲನಾದ್ರೂ ಉತ್ರ ಕೊಡ್ದೇ ಇದ್ದಿದ್ರಾ?"

ಅವತ್ತು ಮಾತ್ರ ಕೊಡಲಿಲ್ಲ.

ನಿಮ್ಮಜ್ಜ ತೀರಿಕೊಳ್ಳುವವರೆಗೂ ಅವರಿಗೂ ಇದನ್ನು ಹೇಳಲಿಲ್ಲ. ಡಾಕ್ಟರು ಬಂದಿದ್ದರೂ ಮಗು ಉಳಿಯುತ್ತಿತ್ತೋ ಇಲ್ಲವೋ ಎಂದು ನನಗೆ ನಾನೇ ಹೇಳಿಕೊಂಡು, ಆ ಮಾತಿನ ಹಿಂದೆ ಇಷ್ಟು ವರ್ಷ ಅಡಗಿದ್ದೆ. ಗಿರಿಜಳಿಗೆ ಅಡಗಲು ಜಾಗವಿರಲಿಲ್ಲ — "ಮಗು ಕೊಂದವಳು" ಎಂದು ಊರು ಅವಳನ್ನು...

ಇದನ್ನು ಎರಡು ಸಲ ಬರೆದಿದ್ದೇನೆ. ಒಂದನ್ನು ನಾಳೆ ಬೆಳಗಿನ ಬಸ್ಸಿಗೆ ನಾನೇ ಮೇಳಿಗೆಗೆ ಒಯ್ಯುತ್ತೇನೆ. ಅವಳು ಬಾಗಿಲು ತೆಗೆಯದಿದ್ದರೆ ಹೊರಗೆ ಕಾಯುತ್ತೇನೆ. ಇನ್ನೊಂದು ನಿಮ್ಮ ಹತ್ತಿರ ಇರಲಿ. ಜೋಪಾನ, ಮಕ್ಕಳೇ — ಧೈರ್ಯ ಸಾಲದೆ ನಾನೇ ವಾಪಸು ಕೇಳಿದರೂ ಕೊಡಬೇಡಿ.