ಉಣ್ಣುವಾಗ ಬೆವರುವ ಕೆನ್ನೆ

ನನ್ನ ಬಲಗೆನ್ನೆ ಊಟಕ್ಕೆ ಕೂತಾಗ ಬೇರೆಯೇ ರೀತಿ ಬೆವರುತ್ತಿತ್ತು. ಬಿಸಿಲಲ್ಲಿ ನಡೆದರೆ ಎರಡೂ ಕೆನ್ನೆ ಎಲ್ಲರಂತೆ ಬೆವರುತ್ತಿದ್ದವು, ಅದರಲ್ಲಿ ವಿಶೇಷವೇನಿಲ್ಲ. ಆದರೆ ತಟ್ಟೆಯ ಮುಂದೆ ಕೂತು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಬಲಗಿವಿಯ ಮುಂದಿನ ಚರ್ಮ ಕೆಂಪಾಗಿ ಬಿಸಿಯಾಗುತ್ತಿತ್ತು. ಅಲ್ಲಿಂದ ನೀರು ಇಳಿದು, ದವಡೆಯ ಅಂಚಿಗೆ ಬಂದು, ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಡಗೆನ್ನೆ ಇದಕ್ಕೂ ತನಗೂ ಸಂಬಂಧವಿಲ್ಲ ಎಂಬಂತೆ ಒಣಗಿರುತ್ತಿತ್ತು.

ಅದಕ್ಕೆ ಮುಂಚೆ ಆ ಕಿವಿಯ ಕೆಳಗೆ ಒಂದು ಗಂಟು ಬೆಳೆದಿತ್ತು. ಜೊಲ್ಲು ಗ್ರಂಥಿಯ ಗಂಟು. ಕೆಟ್ಟದ್ದಲ್ಲ, ಆದರೆ ಹಾಗೇ ಬಿಡುವಂಥದ್ದೂ ಅಲ್ಲ ಎಂದು ಒಬ್ಬ ಶಸ್ತ್ರವೈದ್ಯರು ಗ್ರಂಥಿಯ ಬಹುಭಾಗವನ್ನೇ ತೆಗೆದಿದ್ದರು. ಮುಖವನ್ನು ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾದುಹೋಗುತ್ತದೆ. ಹಾಗಾಗಿ ಆಪರೇಷನ್ ಆದ ಮೇಲೆ ನನ್ನ ಮುಖದ ಬಲಭಾಗ ಕೆಲವು ದಿನ ಜೋತುಬಿದ್ದಿತ್ತು. ಕೆಲವು ದಿನ ಎಂದೇ ನನ್ನ ನೆನಪು. ಆ ನೆನಪನ್ನು ನಾನು ಎಷ್ಟು ನಂಬಿದ್ದೆನೆಂದರೆ, ಅದರ ಮೇಲೆ ಇನ್ನೊಂದು ಆಪರೇಷನ್ನಿಗೆ ಹೊರಟಿದ್ದೆ.

ನಾನು ಕಡೂರಿನಲ್ಲಿ ಮನೆ ಮಾಡಿಕೊಂಡು ತರೀಕೆರೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಕಾರಣ ಗೊತ್ತಿಲ್ಲದ ಸಂಗತಿ ಮೈಮೇಲೇ ನಡೆಯುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಯಾವುದಕ್ಕೆ ಜಾಸ್ತಿ ಬೆವರುತ್ತದೆ, ಯಾವುದಕ್ಕೆ ಕಮ್ಮಿ ಎಂದು ನೋಡುತ್ತಾ ಹೋದೆ. ಬರಿ ಅನ್ನಕ್ಕೆ ಅಷ್ಟಿಲ್ಲ. ಖಾರಕ್ಕೆ ಪರವಾಗಿಲ್ಲ. ಹುಳಿಗೆ ಮಾತ್ರ ನಲ್ಲಿ ಬಿಟ್ಟ ಹಾಗೆ.

ಇದು ನನಗೆ ಗೊತ್ತಿತ್ತು. ಅಜ್ಜಂಪುರದಲ್ಲಿರುವ ನನ್ನ ಹೆಂಡತಿಯ ತವರಿನವರಿಗೆ ಗೊತ್ತಿರಲಿಲ್ಲ. ಅವಳ ತಮ್ಮನ ಮಗಳಿಗೆ ದೇವನೂರು ಕಡೆಯ ಸಂಬಂಧ ಕುದುರಿ, ಹೊಸ ಬೀಗರನ್ನು ಮೊದಲ ಸಲ ಊಟಕ್ಕೆ ಕರೆದಿದ್ದರು. ನಿಶ್ಚಿತಾರ್ಥ ಅದೇ ದಿನವೋ ಮಾರನೆಯ ವಾರವೋ, ಈಗ ಖಚಿತವಾಗಿ ಹೇಳಲಾರೆ. ನನ್ನನ್ನು ಬೀಗರ ಪಕ್ಕದಲ್ಲೇ ಕೂರಿಸಿದ್ದರು. ತಮ್ಮನ ಹೆಂಡತಿ ಬಡಿಸುತ್ತಿದ್ದಳು. ನನ್ನನ್ನು ಅಣ್ಣ ಎಂದು ಕರೆಯುವವಳು. ಅವತ್ತು ಅಡುಗೆಯೆಲ್ಲ ಅವಳದೇ. ಹುಳಿ ಕಲೆಸಿ ಉಣ್ಣತೊಡಗಿದ್ದೆನಷ್ಟೆ, ಕೆನ್ನೆ ಶುರುಮಾಡಿತು.

"ಖಾರ ಆಯ್ತಾ ಅಣ್ಣಾ?" ಎಂದು ಅವಳು ಬಡಿಸುವುದನ್ನು ಬಿಟ್ಟು ನಿಂತಳು.

"ಇಲ್ಲಮ್ಮ, ಖಾರ ಅಲ್ಲ."

"ಸುಮ್ನಿರಿ, ಆಗ್ಲೇ ಸುರೀತಿದೆ. ರೀ, ಅಣ್ಣಂಗೆ ಮಜ್ಜಿಗೆ ತನ್ನಿ!"

ಖಾರ ತಿಂದವರಿಗೆ ಮಜ್ಜಿಗೆ ಕೊಡುವುದು ನಮ್ಮ ಕಡೆ ಕೇಳಿ ಮಾಡುವ ಕೆಲಸವಲ್ಲ. ಲೋಟ ಬಂತು, ಕುಡಿದೆ. ಚೆನ್ನಾಗಿ ಹುಳಿ ಬಂದ ಮಜ್ಜಿಗೆ. ಕೆನ್ನೆ ಇನ್ನೂ ಜೋರಾಯಿತು. ಅದನ್ನು ನೋಡಿ ಇನ್ನೊಂದು ಲೋಟ ಬಂತು. ಬೇಡವೆಂದರೆ ಮನೆಯವರಿಗೆ ಅವಮಾನ, ಕುಡಿದರೆ ಮತ್ತೆ ಧಾರೆ. ಮೂರನೆಯ ಲೋಟವನ್ನು ನನ್ನ ಭಾವಮೈದ ತಾನೇ ಹಿಡಿದುಕೊಂಡು ನಿಂತಿದ್ದ.

ಬೀಗರು ಒಮ್ಮೆ ನನ್ನ ಎಲೆ ನೋಡಿದರು, ಒಮ್ಮೆ ಮುಖ ನೋಡಿದರು. "ಏನ್ ಮೇಷ್ಟ್ರೇ, ಕಡೂರಲ್ಲಿ ಮೆಣಸಿನಕಾಯಿ ಮಾರೋದೇ ನಿಲ್ಸಿಬಿಟ್ರಾ?"

ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೆ ಒಲೆಯ ಹತ್ತಿರಕ್ಕೆ ಹೋಗಿ ನಿಂತಿದ್ದ ತಮ್ಮನ ಹೆಂಡತಿಯೊಬ್ಬಳು ನಗಲಿಲ್ಲ.

ಆಮೇಲೆ ನಾವು ಯಾವಾಗ ಹೋದರೂ ಆ ಮನೆಯಲ್ಲಿ ಎಲ್ಲರಿಗೂ ಸಪ್ಪೆ ಅಡುಗೆ. "ಭಾವ, ನಿಮ್ ದೆಸೆಯಿಂದ ನಾವೂ ಬಾಣಂತಿ ಪಥ್ಯ ಮಾಡಂಗಾಯ್ತು ಕಣ್ರೀ," ಎಂದು ಭಾವಮೈದ ಫೋನಿನಲ್ಲಿ ಗೋಳಾಡಿದ. ಇದು ಕಾಯಿಲೆ, ನಿನ್ನ ಅಡುಗೆಯ ತಪ್ಪಲ್ಲ ಎಂದು ನನ್ನ ಹೆಂಡತಿ ಎಷ್ಟು ಹೇಳಿದರೂ ತಮ್ಮನ ಹೆಂಡತಿ ನಂಬಲಿಲ್ಲ. "ನನ್ ಸಮಾಧಾನಕ್ಕೆ ಹೇಳ್ತೀರಿ ಅತ್ತಿಗೆ. ತಿಂದ್ರೆ ಬೆವರೋ ಕಾಯಿಲೆ ಎಲ್ಲಾದ್ರೂ ಇರುತ್ತಾ?"

ಇರುತ್ತದೆಯೇ ಎಂದು ಕೇಳಿಕೊಂಡು ಶಿವಮೊಗ್ಗಕ್ಕೆ ಹೋದೆವು. ಅಲ್ಲಿದ್ದವರು ಮೊದಲಿನ ಶಸ್ತ್ರವೈದ್ಯರಲ್ಲ, ವಯಸ್ಸಿನಲ್ಲಿ ಚಿಕ್ಕ ವೈದ್ಯೆ. ಬರುವಾಗ ನಿಮಗೆ ಅತಿ ಹೆಚ್ಚು ಬೆವರು ತರಿಸುವ ಪದಾರ್ಥ ಏನಾದರೂ ತನ್ನಿ ಎಂದಿದ್ದರು. ನನ್ನ ಹೆಂಡತಿ ನಿಂಬೆಕಾಯಿ ಉಪ್ಪಿನಕಾಯಿ ತಂದಿದ್ದಳು. ವೈದ್ಯೆ ನನ್ನ ಬಲಗೆನ್ನೆಗೆಲ್ಲ ಅಯೋಡಿನ್ ಬಳಿದು, ಒಣಗಿಸಿ, ಮೇಲೆ ಬಿಳಿ ಪಿಷ್ಟದ ಪುಡಿ ಉದುರಿಸಿದರು. ಆಮೇಲೆ ಉಪ್ಪಿನಕಾಯಿ ಬಾಯಿಗೆ ಹಾಕಿಕೊಳ್ಳಲು ಹೇಳಿದರು. ಬೆವರು ಹುಟ್ಟಿದ ಕಡೆಯಲ್ಲೆಲ್ಲ ಪುಡಿ ಕಡುನೀಲಿಗೆ ತಿರುಗಿತು. ಪ್ರತಿ ವರ್ಷ ಆಲೂಗೆಡ್ಡೆಯ ಹೋಳಿನ ಮೇಲೆ ಅಯೋಡಿನ್ ಬಿಟ್ಟು ಹುಡುಗರಿಗೆ ನಾನು ತೋರಿಸುವ ಪ್ರಯೋಗ ಅದು. ಅವರು ಕೈಗೆ ಕೊಟ್ಟ ಕನ್ನಡಿಯನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಕಿವಿಯ ಮುಂದಿನಿಂದ ದವಡೆಯ ಮೂಲೆವರೆಗೆ ಹರಡಿದ ನೀಲಿ, ಯಾವುದೋ ತಾಲ್ಲೂಕಿನ ನಕ್ಷೆಯ ಹಾಗೆ.

"ಮುಖ ಒರೆಸ್ಕೊಳ್ರೀ, ಸಾಕು ನೋಡಿದ್ದು," ಎಂದಳು ನನ್ನ ಹೆಂಡತಿ.

ವೈದ್ಯೆ ವಿವರಿಸಿದರು. ಊಟದ ರುಚಿ ಹತ್ತಿದಾಗ ಜೊಲ್ಲು ಸುರಿಸು ಎಂದು ಗ್ರಂಥಿಗೆ ಹೇಳುವ ಸಣ್ಣ ನರಗಳಿವೆ. ಗ್ರಂಥಿ ತೆಗೆಯುವಾಗ ಅವು ತುಂಡಾಗುತ್ತವೆ. ತುಂಡಾದ ತುದಿಗಳು ಮತ್ತೆ ಬೆಳೆಯುವಾಗ, ಇಲ್ಲದ ಗ್ರಂಥಿಯನ್ನು ಹುಡುಕುತ್ತಾ ಹೋಗಿ, ಮೇಲಿನ ಚರ್ಮದ ಬೆವರಿನ ಗ್ರಂಥಿಗಳಿಗೆ ಸೇರಿಕೊಳ್ಳುತ್ತವೆ. ಅಪ್ಪಣೆ ಜೊಲ್ಲಿಗೆ, ಬರುವುದು ಬೆವರು. ಇಷ್ಟು ಕೇಳಿ ನನಗೆ ಕಾಯಿಲೆಯ ಬೇಸರವೇ ಅರ್ಧ ಮರೆತುಹೋಯಿತು. ನನ್ನ ನರಗಳು ತಪ್ಪು ವಿಳಾಸಕ್ಕೆ ಇಷ್ಟೊಂದು ನಿಷ್ಠೆಯಿಂದ ದುಡಿಯುತ್ತಿವೆ ಎಂದು ನಾನು ಊಹಿಸಿಯೇ ಇರಲಿಲ್ಲ.

ಮೊದಲು ಚುಚ್ಚುಮದ್ದು ಕೊಟ್ಟರು. ನೀಲಿ ಬಂದ ಜಾಗಕ್ಕೆಲ್ಲ ಸಣ್ಣ ಸಣ್ಣ ಚುಚ್ಚು. ಕೆನ್ನೆ ಒಣಗಿತು. ಕೆಲವು ತಿಂಗಳ ಮೇಲೆ ಮತ್ತೆ ಒದ್ದೆಯಾಯಿತು. ಮತ್ತೆ ಕೊಟ್ಟರು, ಮತ್ತೆ ಒಣಗಿತು, ಮತ್ತೆ ಒದ್ದೆಯಾಯಿತು. ಇದನ್ನೇ ಮುಂದುವರಿಸಬಹುದು, ಹೆಚ್ಚಿನವರು ಹಾಗೇ ಮಾಡುತ್ತಾರೆ ಎಂದರು. ನನಗೆ ತಾಳ್ಮೆ ಇರಲಿಲ್ಲ. ಶಾಶ್ವತವಾದದ್ದು ಏನಿದೆ ಎಂದೆ.

ಇದೆ, ಎಂದರು. ಹಳೆಯ ಗಾಯದ ಗುರುತಿನಲ್ಲೇ ಕೆನ್ನೆಯ ಚರ್ಮವನ್ನು ಮತ್ತೆ ಎತ್ತಿ, ತೊಡೆಯಿಂದ ತೆಗೆದ ತೆಳು ಪೊರೆಯೊಂದನ್ನು ಚರ್ಮಕ್ಕೂ ಕೆಳಗಿನ ನರಗಳಿಗೂ ನಡುವೆ ಹಾಸುವುದು. ಒಂದು ಗೋಡೆ ಕಟ್ಟಿದ ಹಾಗೆ. ಆದರೆ ಮುಖವನ್ನು ಆಡಿಸುವ ದೊಡ್ಡ ನರ ಈಗ ಗಾಯದ ಗಂಟಿನೊಳಗೆ ಎಲ್ಲೋ ಅಂಟಿಕೊಂಡಿರುತ್ತದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚದೆ, ತುಟಿ ಎಳೆಯದೆ ಹಾಗೇ ಉಳಿಯಬಹುದು. "ಮೊದಲ ಸಲ ಮುಖ ಬಿದ್ದಿತ್ತಾ ಸರ್? ಎಷ್ಟು ಕಾಲ?"

"ಕೆಲವು ದಿನ ಅಷ್ಟೇ," ಎಂದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ನನ್ನ ಕಡೆ ತಿರುಗಿ ನೋಡಿದ ರೀತಿ, ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಕಂಡಿರಲಿಲ್ಲ. "ಡಾಕ್ಟ್ರೇ, ಇವ್ರ ಮಾತು ಬರ್ಕೋಬೇಡಿ. ಮಾವಿನಕಾಯಿ ಬಂದಾಗ ಬಿದ್ದ ಮುಖ ಹಲಸಿನ ಹಣ್ಣು ಮುಗಿದ್ಮೇಲೆ ನೆಟ್ಟಗಾಯ್ತು."

"ಇಲ್ಲ ಕಣೇ. ಹಜಾರದಲ್ಲಿ ಕೂತು ಕನ್ನಡಿ ನೋಡಿದ್ದು ನೆನಪಿದೆ ನಂಗೆ. ತುಟಿ ನೆಟ್ಟಗಿತ್ತು."

"ಯಾವಾಗ ನೋಡಿದ್ರಿ?"

ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ ಎಂದು ವೈದ್ಯೆ ಕಳಿಸಿದರು.

ನನ್ನ ನೆನಪು ಒಂದು, ಅವಳದು ಒಂದು. ಮೂರನೆಯವರನ್ನು ಕೇಳುವುದೇ ಸರಿಯಾದ ಪದ್ಧತಿ ಎನಿಸಿತು. ತರೀಕೆರೆಯ ಕಾಲೇಜಿನಲ್ಲಿ ನನ್ನ ಪಕ್ಕದ ಮೇಜಿನ ಸಹೋದ್ಯೋಗಿಯನ್ನು, ಉದ್ದೇಶ ಹೇಳದೆ, ಆ ಆಪರೇಷನ್ ಆದಾಗ ನಾನು ಹೇಗಿದ್ದೆ ಎಂದು ಕೇಳಿದೆ. ಅವನು ನಕ್ಕುಬಿಟ್ಟ. "ಪೊಟ್ಯಾಷಿಯಂ ಪರ್ಮಾಂಗನೇಟ್ ಅನ್ನೋಕೆ ಆಗ್ತಿರ್ಲಿಲ್ಲ ನಿಮಗೆ. ಗಾಳಿ ಹೋಗ್ಬಿಡೋದು. ಹುಡುಗ್ರು ಬೇಕಂತ ಅದನ್ನೇ ಕೇಳೋರು. ಆ ಬ್ಯಾಚು ಪೂರ್ತಿ ಹಂಗೇ ಇದ್ರಿ ಅನ್ಸುತ್ತೆ." ಬ್ಯಾಚು ಪೂರ್ತಿ ಎಂಬುದನ್ನು ನಾನು ನಂಬಲಿಲ್ಲ. ಆದರೆ ಪೊಟ್ಯಾಷಿಯಂ ನನಗೆ ನೆನಪೇ ಇರಲಿಲ್ಲ.

ಅಜ್ಜಂಪುರಕ್ಕೆ ಫೋನ್ ಮಾಡಿದೆ. ಭಾವಮೈದ ಒಂದು ಕ್ಷಣವೂ ತಡೆಯದೆ, "ಎಡಗಡೆ ಅಲ್ವಾ ಭಾವ ಬಿದ್ದಿದ್ದು?" ಎಂದ. ಬಲಗಡೆ ಎಂದೆ. "ಯಾವ್ದೋ ಒಂದು. ಕಾಫಿ ಕುಡಿಯುವಾಗ ಟವೆಲ್ ಹಿಡ್ಕೊಂಡಿರ್ತಿದ್ರಿ. ನಮ್ಮನೆಗೆ ಬಂದಾಗೆಲ್ಲ." ಅಂದರೆ ಆ ಸ್ಥಿತಿಯಲ್ಲಿ ನಾನು ಆ ಮನೆಗೆ ಒಮ್ಮೆಯಲ್ಲ, ಹಲವು ಸಲ ಹೋಗಿದ್ದೆ. ಪಕ್ಕವನ್ನೇ ತಪ್ಪು ಹೇಳಿದವನ ಸಾಕ್ಷಿಯನ್ನು ಎಷ್ಟು ಒಪ್ಪಬೇಕು? ಆದರೂ ಯಾರೊಬ್ಬರೂ ಕೆಲವು ದಿನ ಎನ್ನಲಿಲ್ಲ. ಹಾಗೆಂದದ್ದು ನಾನೊಬ್ಬನೇ.

"ಇನ್ನೂ ಯಾರನ್ನಾದ್ರೂ ಕೇಳ್ಬೇಕಾ?" ಎಂದಳು ನನ್ನ ಹೆಂಡತಿ ಅವತ್ತು ಸಂಜೆ. ಆಮೇಲೆ, ನಾನು ಕೇಳದೆಯೇ, ಹೇಳಿದಳು. ನನ್ನ ಬಲಗಣ್ಣು ನಿದ್ದೆಯಲ್ಲಿ ಮುಚ್ಚುತ್ತಿರಲಿಲ್ಲ. ನಾನು ನಿದ್ದೆ ಹೋದ ಮೇಲೆ ಅವಳು ಕಣ್ಣಿಗೆ ಮುಲಾಮು ಹಾಕಿ ರೆಪ್ಪೆಗೆ ಪಟ್ಟಿ ಅಂಟಿಸುತ್ತಿದ್ದಳು. ಬೆಳಿಗ್ಗೆ ನಾನು ಏಳುವ ಮೊದಲೇ ತೆಗೆಯುತ್ತಿದ್ದಳು, ಎಚ್ಚರವಿದ್ದಾಗ ಹಾಕಿದರೆ ನಾನು ಕಿತ್ತೆಸೆಯುತ್ತಿದ್ದೆನಂತೆ. "ಕಣ್ ಬಿಟ್ಕೊಂಡು ಮಲಗಿರ್ತಿದ್ರಿ. ಬರೀ ಬಿಳಿ ಕಾಣೋದು. ಅದನ್ನ ಇನ್ನೊಂದ್ ಸಲ ನೋಡೋಕೆ ನನ್ ಕೈಲಾಗಲ್ಲ."

ಹಾಗಾದರೆ ಬೇಡ, ಚುಚ್ಚುಮದ್ದೇ ಸಾಕು ಎಂದೆ. ನಿಜವಾಗಿಯೇ ಹಾಗೆ ತೀರ್ಮಾನಿಸಿದ್ದೆ.

ಮತ್ತೆ ಆ ಮಾತು ಎತ್ತಿದವಳು ಅವಳೇ. ಅಷ್ಟರಲ್ಲಿ ನಾನು ಯಾರ ಮನೆಯಲ್ಲೂ ಊಟಕ್ಕೆ ಕೂರುವುದನ್ನು ಬಿಟ್ಟಿದ್ದೆ. ಮನೆಯಲ್ಲೂ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ, ನಿಂತೇ ಉಣ್ಣುತ್ತಿದ್ದೆ. ಇದು ನನಗೆ ಗೊತ್ತಿಲ್ಲದೆಯೇ ಅಭ್ಯಾಸವಾಗಿತ್ತು. "ನಾನೊಬ್ಳೇ ಕೂತ್ಕೊಂಡು ಎಷ್ಟು ದಿನ ಉಣ್ಲಿ? ಮಾಡಿಸ್ಕೊಳ್ಳಿ. ಆದ್ರೆ ಏನೂ ಆಗಲ್ಲ ಅಂತ ಹೇಳ್ಕೊಂಡು ಒಳಗೆ ಹೋಗ್ಬೇಡಿ. ಆಗ್ಬಹುದು ಅಂತ ತಿಳ್ಕೊಂಡು ಹೋಗಿ."

ಈ ಸಲ ವೈದ್ಯೆಗೆ ಅವಳೇ ಎಲ್ಲ ಹೇಳಿದಳು. ಹಾಗಿದ್ದರೆ ಆಳಕ್ಕೆ ಹೋಗುವುದಿಲ್ಲ, ನೀಲಿ ಬಂದಷ್ಟೇ ಜಾಗದ ಚರ್ಮ ಎತ್ತುತ್ತೇನೆ, ಅಂಚಿನಲ್ಲಿ ಸ್ವಲ್ಪ ಬೆವರು ಉಳಿದರೂ ಉಳಿಯಲಿ ಎಂದರು ಅವರು. ನನ್ನ ಕೆಲವು ದಿನದ ಮಾತನ್ನು ನಂಬಿದ್ದರೆ ಇನ್ನೂ ಮುಂದಕ್ಕೆ ಹೋಗುತ್ತಿದ್ದರೋ ಏನೋ.

ಬೆವರಿನ ಫಲಿತಾಂಶವನ್ನು ಇಲ್ಲೇ ಹೇಳಿಬಿಡುತ್ತೇನೆ. ಬಹುಮಟ್ಟಿಗೆ ನಿಂತಿದೆ. ಕಿವಿಯ ಹಾಲೆಯ ಕೆಳಗೆ ಬೆರಳ ತುದಿಯಷ್ಟು ಜಾಗ ಮಾತ್ರ ಹುಣಸೆಹಣ್ಣಿಗೆ ಈಗಲೂ ತೇವವಾಗುತ್ತದೆ. ಆದರೆ ಅದೆಲ್ಲ ಗೊತ್ತಾದದ್ದು ಎಷ್ಟೋ ಆಮೇಲೆ.

ಆಪರೇಷನ್ ಆದ ದಿನ ಮಂಪರು ಇಳಿಯುತ್ತಿದ್ದಂತೆ ವೈದ್ಯೆ ಹಾಸಿಗೆಯ ಬಳಿ ಬಂದರು. ಹಲ್ಲು ತೋರಿಸಿ ಎಂದರು, ತೋರಿಸಿದೆ. ಕೆನ್ನೆ ಊದಿಸಿ ಎಂದರು, ಊದಿಸಿದೆ. ಗಾಳಿ ಸ್ವಲ್ಪ ಬಲಗಡೆಯಿಂದ ಸೋರಿತು. ಬಾವು ಇಳಿದ ಮೇಲೆ ಸರಿಹೋಗುತ್ತದೆ ಎಂದರು. "ಈಗ ಕಣ್ಣು ಗಟ್ಟಿಯಾಗಿ ಮುಚ್ಚಿ ಸರ್."

ಮುಚ್ಚಿದೆ. ಕತ್ತಲಾಯಿತು. ಎರಡೂ ಮುಚ್ಚಿವೆ ಎನಿಸಿತು. ಆದರೆ ಈ ಕತ್ತಲನ್ನು ನಂಬಬೇಡಿ ಎಂದು ಅವರು ಮೊದಲೇ ಹೇಳಿದ್ದರು. ರೆಪ್ಪೆ ಮುಚ್ಚದಿದ್ದರೂ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳುತ್ತದೆ, ಒಳಗಿನವರಿಗೆ ಮುಚ್ಚಿದಂತೆಯೇ ಇರುತ್ತದೆ. ಆಗ ಹೊಳೆಯಿತು, ಎರಡೂ ಮುಚ್ಚಿದಾಗ ತನ್ನ ಕಣ್ಣನ್ನು ಯಾರಿಗೂ ಕನ್ನಡಿಯಲ್ಲಿ ನೋಡಿಕೊಳ್ಳಲಾಗುವುದಿಲ್ಲ. ನನ್ನ ನೆನಪು ಆ ಮಾವಿನ ಕಾಲವನ್ನು ಕಳೆದುಕೊಂಡಿರಬಹುದು. ಆದರೆ ಆ ಕಣ್ಣು ಅದರಲ್ಲಿ ಎಂದೂ ಇರಲೇ ಇಲ್ಲ. ಅದನ್ನು ನೋಡಿದವಳು ಹಾಸಿಗೆಯ ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ.

"ಏನೇ, ಮುಚ್ಚಿದ್ಯಾ?" ಎಂದೆ.

ಅವಳ ಉಸಿರು ನನ್ನ ಮುಖದ ಹತ್ತಿರ ಬಂತು.

"ಮುಚ್ಚಿದೆ."

"ಪೂರ್ತಿ?"

"ಮೊದ್ಲು ಒಂಚೂರು ಬಿಳಿ ಕಾಣ್ತು. ಈಗಿಲ್ಲ. ತೆಗೀಬೇಡಿ, ಇನ್ನೊಂಚೂರು ನೋಡ್ತೀನಿ."

ಅವಳು ಸಾಕೆನ್ನುವವರೆಗೂ ನಾನು ಕಣ್ಣು ತೆರೆಯಲಿಲ್ಲ.